ಅಬ್ಬರದ ಹಾಡಿಗೆ ಅಂಕವೆಷ್ಟು?

2025ನೆಯ ಇಸವಿ ಜುಲೈ 5ನೆಯ ತಾರೀಖು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ವಿಲ್ಲಾ ಪಾರ್ಕ್ ಕ್ರೀಡಾಂಗಣವು ಜನರಿಂದ ಕಿಕ್ಕಿರಿದಿತ್ತು. ವೇದಿಕೆಯ ನಡುವೆ ಸಿಂಹಾಸನದಂತಹ ಕಪ್ಪು ಪೀಠವೊಂದರ ಮೇಲೆ 76 ವರ್ಷದ ವೃದ್ಧ ಗಾಯಕನೊಬ್ಬನು ಕುಳಿತಿದ್ದನು. ಪಾರ್ಕಿನ್‌ಸನ್ ವ್ಯಾಧಿಯಿಂದ ಆತನ ಕಾಲುಗಳು ಸೋತಿದ್ದವು. ಎದ್ದು ನಿಂತು ಹಾಡುವುದು ಆತನಿಂದ ಆಗುತ್ತಿರಲಿಲ್ಲ. ಆದರೂ ಆತನು ಹಾಡಿದನು. 1968ರಲ್ಲಿ ಅದೇ ಆಸ್ಟನ್ ಬಡಾವಣೆಯಲ್ಲಿ ಆತನೊಡನೆ ಮೇಳ ಕಟ್ಟಿದ್ದ ಮೂವರು ಗೆಳೆಯರು ಬಳಿಯಲ್ಲಿದ್ದು ವಾದ್ಯ ನುಡಿಸಿದರು. ಅದಾದ ಹದಿನೇಳನೆಯ ದಿನ, ಜುಲೈ 22ರಂದು, ಓಝಿ ಆಸ್ಬರ್ನ್ ಇಹಲೋಕವನ್ನು ತ್ಯಜಿಸಿದನು.

ಆ ನಾಲ್ವರ ಮೇಳದ ಹೆಸರು ಬ್ಲ್ಯಾಕ್ ಸಬ್ಬತ್. ‘ಹೆವಿ ಮೆಟಲ್’ ಎಂದು ಇಂದು ಜಗತ್ತೆಲ್ಲ ಕರೆಯುವ ಸಂಗೀತಕ್ಕೆ ತಳಹದಿ ಹಾಕಿದವರು ಇವರೇ ಎಂಬ ವಿಷಯದಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಆದರೆ 1970ರ ಫೆಬ್ರವರಿ 13ರಂದು, ಮೇಳದ ಹೆಸರನ್ನೇ ಹೊತ್ತ ಇವರ ಮೊದಲ ಆಲ್ಬಮ್ ಹೊರಬಂದಾಗ ವಿಮರ್ಶಕರು ಮೂಗು ಮುರಿದಿದ್ದರು. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯು ಅದನ್ನು ಆಗ ಪ್ರಸಿದ್ಧವಾಗಿದ್ದ ಕ್ರೀಮ್ ಎಂಬ ಮೇಳದೊಡನೆ ಹೋಲಿಸಿ, ಅದಕ್ಕಿಂತ ಕಳಪೆಯೆಂದು ತಳ್ಳಿಹಾಕಿತು. ಅದೇ ಪತ್ರಿಕೆ 2017ರಲ್ಲಿ ನೂರು ಶ್ರೇಷ್ಠ ಮೆಟಲ್ ಆಲ್ಬಮ್‌ಗಳ ಪಟ್ಟಿಯನ್ನು ಪ್ರಕಟಿಸಿತು. ಅಗ್ರಸ್ಥಾನ ದೊರೆತದ್ದು ಈ ಮೇಳವೇ 1970ರಲ್ಲಿ ಹೊರತಂದ ಎರಡನೆಯ ಆಲ್ಬಮ್ ‘ಪ್ಯಾರನಾಯ್ಡ್’ಗೆ! ನಡುವಿನ 47 ವರ್ಷಗಳಲ್ಲಿ ಆ ಮುದ್ರಿಕೆಗಳ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದದ್ದು ಅಳೆಯುವವರ ಕೋಲು.

ಇದು ದೂರದೇಶದ ವಿಚಾರ, ನಮಗೇಕೆ ಎನ್ನುವಂತಿಲ್ಲ. 2007ರ ಮಾರ್ಚ್ 17ರಂದು ಐರನ್ ಮೇಡನ್ ಮೇಳವೂ, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಮೇಳವೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಚೇರಿ ನಡೆಸಿದವು. ಬೆಂಗಳೂರಿನದೇ ಆದ ಕ್ರಿಪ್ಟೋಸ್ ಮೇಳವು 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆಯನ್ನೇರಿತು. ನಗರದ ಎಷ್ಟೋ ಮನೆಗಳಲ್ಲಿ ಮಗನ ಅಥವಾ ಮಗಳ ಕೋಣೆಯ ಮುಚ್ಚಿದ ಬಾಗಿಲಿನ ಹಿಂದಿನಿಂದ ಈ ಸಂಗೀತ ಕೇಳಿಬರುತ್ತದೆ. ಹಜಾರದಲ್ಲಿ ಕುಳಿತ ತಂದೆಗೆ ಅದೆಲ್ಲವೂ ಒಂದೇ ಗದ್ದಲ. ಒಳಗಿರುವ ಮಕ್ಕಳಿಗಾದರೋ ಅದರಲ್ಲಿ ಹತ್ತಾರು ಬಗೆ. ಯಾವುದು ಮೇಲು, ಯಾವುದು ಕೀಳು ಎಂಬ ವಾದ ಗೆಳೆಯರ ನಡುವೆ ಮುಗಿಯುವುದೇ ಇಲ್ಲ. ಆ ವಾದಕ್ಕೆ ಒಂದು ಕ್ರಮವುಂಟೆ? ಉಂಟಾದರೆ ಯಾವುದು?

ಮೂರು ಪ್ರಶ್ನೆಗಳು

ಮಹಾಕಾವ್ಯವನ್ನೂ ಚುಟುಕವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವವನು ವಿಮರ್ಶಕನಲ್ಲ. ಚುಟುಕವು ಉದ್ದವಿಲ್ಲವೆಂದು ದೂರುವುದು ಎಷ್ಟು ಹಾಸ್ಯಾಸ್ಪದವೋ, ಅಬ್ಬರವೇ ಧರ್ಮವಾಗಿರುವ ಸಂಗೀತವು ಮೃದುವಾಗಿಲ್ಲವೆಂದು ದೂರುವುದೂ ಅಷ್ಟೇ ಹಾಸ್ಯಾಸ್ಪದ. ನಮ್ಮ ಲಾಕ್ಷಣಿಕರು ಶೃಂಗಾರ, ಕರುಣಗಳೊಡನೆ ರೌದ್ರ, ಭಯಾನಕ, ಬೀಭತ್ಸಗಳಿಗೂ ರಸದ ಪಂಕ್ತಿಯಲ್ಲಿ ಮಣೆ ಹಾಕಿದರು. ‘ಗದಾಯುದ್ಧ’ದಲ್ಲಿ ದುರ್ಯೋಧನನು ಹೆಣಗಳ ರಾಶಿಯ ನಡುವೆ ನಡೆಯುವ ಭಾಗವನ್ನು ಓದಿದವರು ರನ್ನನ ಅಭಿರುಚಿಯನ್ನು ಶಂಕಿಸುವುದಿಲ್ಲ.

ಆದುದರಿಂದ ಒಂದು ಆಲ್ಬಮ್ಮಿಗೆ ಅಂಕ ಕೊಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ತನ್ನ ಪ್ರಭೇದಕ್ಕೆ ಸಹಜವಾದ ಗುರಿಯನ್ನು ಅದು ಮುಟ್ಟಿದೆಯೆ? ಹಿಂದೆ ಇಲ್ಲದ ಏನನ್ನಾದರೂ ತಂದಿದೆಯೆ? ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಒಂದೇ ಕೃತಿಯಾಗಿ ನಿಲ್ಲುತ್ತದೆಯೆ? ಬೇರೆ ಬೇರೆ ಪ್ರಭೇದಗಳ ಕೆಲವು ಹೆಸರಾಂತ ಆಲ್ಬಮ್‌ಗಳನ್ನು ಈ ಒರೆಗೆ ಹಚ್ಚಿ ನೋಡಬಹುದು.

ಕಾರ್ಖಾನೆಯ ಕೂಸು

1965ರಲ್ಲಿ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯೊಂದರಲ್ಲಿ 17 ವರ್ಷದ ಟೋನಿ ಐಯೋಮಿ ಎಂಬ ತರುಣನು ಕೆಲಸ ಮಾಡುತ್ತಿದ್ದನು. ಕೆಲಸ ಬಿಡಲಿದ್ದ ಕೊನೆಯ ದಿನವೇ ಆತನ ಬಲಗೈ ಯಂತ್ರಕ್ಕೆ ಸಿಕ್ಕಿ, ಎರಡು ಬೆರಳುಗಳ ತುದಿಗಳು ಹಾರಿಹೋದವು. ಆತನು ಎಡಚನಾದುದರಿಂದ ಗಿಟಾರಿನ ತಂತಿಗಳನ್ನು ಒತ್ತುವ ಕೈಯೇ ಅದು! ನಿರಾಶನಾಗಿ ಕುಳಿತಿದ್ದವನಿಗೆ ಕಾರ್ಖಾನೆಯ ಮೇಸ್ತ್ರಿಯು ಜ್ಯಾಂಗೋ ರೈನ್‌ಹಾರ್ಟನ ಧ್ವನಿಮುದ್ರಿಕೆಯೊಂದನ್ನು ತಂದು ಕೇಳಿಸಿದನು. ಬೆಂಕಿಯ ಅನಾಹುತದಲ್ಲಿ ಕೈ ಸುಟ್ಟುಕೊಂಡು, ಎರಡೇ ಬೆರಳುಗಳ ಬಲದಿಂದ ಗಿಟಾರ್ ನುಡಿಸಿ ಕೀರ್ತಿ ಪಡೆದ ಕಲಾವಿದನಾತ. ಐಯೋಮಿ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳುಗಳಿಗೆ ಟೊಪ್ಪಿಗೆ ಮಾಡಿಕೊಂಡನು. ಒತ್ತಲು ಸುಲಭವಾಗಲೆಂದು ತೆಳುವಾದ ತಂತಿಗಳನ್ನು ಬಿಗಿದನು. 1971ರ ಮೂರನೆಯ ಆಲ್ಬಮ್ಮಿನ ಹೊತ್ತಿಗೆ ಶ್ರುತಿಯನ್ನೂ ಇಳಿಸಿದನು. ಆ ಇಳಿಸಿದ ಶ್ರುತಿಯ ಗಾಢ ನಾದವು ಮುಂದಿನವರಿಗೆ ಹೆದ್ದಾರಿಯಾಯಿತು.

ಮೊದಲ ಆಲ್ಬಮ್ 1969ರ ಅಕ್ಟೋಬರಿನಲ್ಲಿ ಸುಮಾರು ಹನ್ನೆರಡು ಗಂಟೆಗಳ ಒಂದೇ ದಿನದ ದುಡಿಮೆಯಲ್ಲಿ ಮುದ್ರಿತವಾಯಿತು. ಮಳೆಯ ಸದ್ದು, ದೂರದ ಗಂಟೆಯ ನಾದ. ಅನಂತರ ಗಿಟಾರಿನಲ್ಲಿ ಷಡ್ಜ, ತಾರಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಕಲ್ಯಾಣಿ ರಾಗದಲ್ಲಿ ಮಂಗಳಕರವಾಗಿ ಕೇಳುವ ಅದೇ ಸ್ವರಸ್ಥಾನವು ಇಲ್ಲಿ, ಪಂಚಮದ ಆಸರೆಯಿಲ್ಲದೆ ಒಂಟಿಯಾಗಿ ನಿಂತು, ಎದೆಯಲ್ಲಿ ಭೀತಿ ಹುಟ್ಟಿಸುತ್ತದೆ. ಹೊಸತನಕ್ಕೆ ಪೂರ್ಣ ಅಂಕ ಸಲ್ಲಬೇಕು. ಆದರೆ ಕೊನೆಯಲ್ಲಿ ಬರುವ ‘ವಾರ್ನಿಂಗ್’ ಹತ್ತು ನಿಮಿಷಕ್ಕೂ ಮೀರಿ ಗೊತ್ತುಗುರಿಯಿಲ್ಲದೆ ಅಲೆಯುತ್ತದೆ. 10ಕ್ಕೆ 8.

ಕಥನದ ಓಟ

1982ರ ಮಾರ್ಚ್ 22ರಂದು ಬಂದ ಐರನ್ ಮೇಡನ್ ಮೇಳದ ‘ದಿ ನಂಬರ್ ಆಫ್ ದಿ ಬೀಸ್ಟ್’ ಬೇರೊಂದು ಬಗೆಯದು. ಇಲ್ಲಿ ಭೀತಿಗಿಂತ ವೀರಕ್ಕೆ ಪ್ರಾಧಾನ್ಯ. ಎರಡು ಗಿಟಾರುಗಳು ಜೋಡಿಯಾಗಿ ರಾಗವನ್ನು ಹಿಡಿದು ಓಡುತ್ತವೆ. ಬಾಸ್ ಗಿಟಾರ್ ಕುದುರೆಯ ಹೆಜ್ಜೆಯಂತೆ ಕುಣಿಯುತ್ತದೆ. ಅದೇ ಆಗ ಮೇಳ ಸೇರಿದ್ದ ಬ್ರೂಸ್ ಡಿಕಿನ್ಸನ್ನನ ಶಾರೀರವು ತಾರಸ್ಥಾಯಿಯಲ್ಲಿ ನಿರಾಯಾಸವಾಗಿ ಸಂಚರಿಸುತ್ತದೆ. ಹೆಸರನ್ನು ಕಂಡೇ ಸೈತಾನನ ಪೂಜೆಯೆಂದು ಬಗೆದ ಅಮೆರಿಕದ ಕೆಲವು ಧಾರ್ಮಿಕ ಗುಂಪುಗಳು ಮುದ್ರಿಕೆಗಳನ್ನು ಸುಟ್ಟವು. ಸುಡುವ ಮೊದಲು ಕೇಳಿದ್ದರೆ, ಬಿಳಿಯರ ಆಕ್ರಮಣಕ್ಕೆ ತುತ್ತಾದ ಅಮೆರಿಕದ ಮೂಲನಿವಾಸಿಗಳ ಅಳಲು ‘ರನ್ ಟು ದಿ ಹಿಲ್ಸ್’ನಲ್ಲಿಯೂ, ಗಲ್ಲಿಗೇರಲಿರುವ ಕೈದಿಯ ಕೊನೆಯ ಗಳಿಗೆಗಳು ‘ಹ್ಯಾಲೋಡ್ ಬಿ ದೈ ನೇಮ್’ನಲ್ಲಿಯೂ ಅವರಿಗೆ ಕೇಳಿಸುತ್ತಿದ್ದವು. ‘ಗ್ಯಾಂಗ್‌ಲ್ಯಾಂಡ್’ ಮಾತ್ರ ಉಳಿದವುಗಳ ಸಮಕ್ಕೆ ಏರುವುದಿಲ್ಲ. ಇದಕ್ಕೂ 10ಕ್ಕೆ 8.

ಒಂದೇ ವರ್ಷ, ಮೂರು ದಾರಿ

1986 ಈ ಸಂಗೀತದ ಚರಿತ್ರೆಯಲ್ಲಿ ಮರೆಯಲಾಗದ ವರ್ಷ. ಆ ಮಾರ್ಚಿಯಲ್ಲಿ ಅಮೆರಿಕದ ಮೆಟಾಲಿಕಾ ಮೇಳವು ‘ಮಾಸ್ಟರ್ ಆಫ್ ಪಪೆಟ್ಸ್’ ಎಂಬ ಆಲ್ಬಮ್ಮನ್ನು ಹೊರತಂದಿತು. ಇದು ‘ಥ್ರ್ಯಾಶ್’ ಪ್ರಭೇದಕ್ಕೆ ಸೇರಿದ್ದು. ಅಂಗೈಯ ಅಂಚಿನಿಂದ ತಂತಿಗಳನ್ನು ಅದುಮಿ ಹಿಡಿದು ಅತಿವೇಗದಲ್ಲಿ ಮೀಟುವುದು ಇದರ ಲಕ್ಷಣ. ಎಂಟೇ ಹಾಡುಗಳು, ಮಾದಕವಸ್ತುವಿನ ದಾಸ್ಯ, ಯುದ್ಧಕ್ಕೆ ಬಲಿಯಾಗುವ ಸೈನಿಕ, ಮನೋರೋಗಿಗಳ ಆಸ್ಪತ್ರೆಯ ಬಂಧನ ಮುಂತಾದವು ವಸ್ತು. ಒಟ್ಟಿನಲ್ಲಿ ಮನುಷ್ಯನನ್ನು ಸೂತ್ರದ ಗೊಂಬೆಯಾಗಿಸುವ ಶಕ್ತಿಗಳ ಮೇಲಿನ ಸಿಟ್ಟು ಇಡೀ ಕೃತಿಯನ್ನು ಒಂದಾಗಿ ಹೆಣೆದಿದೆ. ಮಾತಿಲ್ಲದ ‘ಓರಾಯನ್’ ಎಂಬ ವಾದ್ಯರಚನೆಯಲ್ಲಿ ಬಾಸ್ ಗಿಟಾರ್ ನುಡಿಸಿದ ಕ್ಲಿಫ್ ಬರ್ಟನ್, ಅದೇ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಮೇಳದ ಬಸ್ಸು ಉರುಳಿ 24ನೆಯ ವಯಸ್ಸಿನಲ್ಲಿ ಮಡಿದನು. 2016ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಸಂರಕ್ಷಿಸಬೇಕಾದ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಸಾಲಿಗೆ ಈ ಆಲ್ಬಮ್ಮನ್ನು ಸೇರಿಸಿತು. ಮೂರು ಪ್ರಶ್ನೆಗಳಿಗೂ ಉತ್ತರ ಹೌದೆಂದೇ. 10ಕ್ಕೆ 9.

ಅಕ್ಟೋಬರಿನಲ್ಲಿ ಬಂದ ಸ್ಲೇಯರ್ ಮೇಳದ ‘ರೇನ್ ಇನ್ ಬ್ಲಡ್’ ಕೂಡ ಥ್ರ್ಯಾಶ್ ಪ್ರಭೇದದ್ದೇ. ಹತ್ತು ಹಾಡುಗಳು 29 ನಿಮಿಷಗಳೊಳಗೆ ಮುಗಿದುಹೋಗುತ್ತವೆ. ಮೆಟಾಲಿಕಾದ್ದು ಸರ್ಗಗಳುಳ್ಳ ಕಾವ್ಯವಾದರೆ ಇದು ಸಿಡಿಲು. ಇದನ್ನು ಕುರಿತು ವಿಸ್ತಾರವಿಲ್ಲವೆಂದು ಅಂಕ ಕಳೆಯುವುದು ಅನ್ಯಾಯ. ಒಂದು ನಿಮಿಷವೂ ಹೆಚ್ಚಾಗದಿರುವುದೇ ಇದರ ಗುಣ. ನಾಜಿಗಳ ಕ್ರೂರ ವೈದ್ಯ ಮೆಂಗೆಲೆಯ ಕೃತ್ಯಗಳನ್ನು ಬಣ್ಣಿಸುವ ಮೊದಲ ಹಾಡು ದೊಡ್ಡ ವಿವಾದವನ್ನೆಬ್ಬಿಸಿತು. ಹಾಡು ಅವನನ್ನು ಹೊಗಳುವುದಿಲ್ಲ, ನಿಜ. ಆದರೆ ಕೇಳುಗನ ತೀರ್ಮಾನಕ್ಕೆ ಅದು ಬಿಟ್ಟಿರುವುದು ತೀರ ಹೆಚ್ಚು. 10ಕ್ಕೆ 8.

ಅದೇ ಜೂನಿನಲ್ಲಿ ಸ್ವೀಡನ್ನಿನ ಕ್ಯಾಂಡಲ್‌ಮಾಸ್ ಮೇಳವು ಈ ವೇಗದ ಯುಗದಲ್ಲಿ ಹಿಮ್ಮುಖವಾಗಿ ನಡೆಯಿತು. ‘ಎಪಿಕಸ್ ಡೂಮಿಕಸ್ ಮೆಟಾಲಿಕಸ್’ ಎಂಬ ಆಲ್ಬಮ್ಮಿನಲ್ಲಿ ಆರು ಹಾಡುಗಳು, ಎಲ್ಲವೂ ಶವಯಾತ್ರೆಯಂತೆ ಭಾರವಾದ ವಿಳಂಬಗತಿಯವು. ‘ಡೂಮ್’ ಎಂಬ ಈ ಪ್ರಭೇದದ ಸ್ಥಾಯೀಭಾವ ಶೋಕ. ಜೋಹಾನ್ ಲಾಂಗ್‌ಕ್ವಿಸ್ಟನ ತುಂಬುಕಂಠವು ಆ ಶೋಕಕ್ಕೆ ದೇಗುಲದ ಗಾಂಭೀರ್ಯವನ್ನು ಕೊಡುತ್ತದೆ. 10ಕ್ಕೆ 8.

ಗರ್ಜನೆಯ ಒಳಗಿನ ಮನುಷ್ಯ

ಹಿರಿಯರ ಕಿವಿಗೆ ಅತ್ಯಂತ ಕಠಿನವಾಗಿ ತೋರುವುದು ‘ಡೆತ್ ಮೆಟಲ್’. ಇಲ್ಲಿ ಗಾಯಕನು ಹಾಡುವುದಿಲ್ಲ, ಗರ್ಜಿಸುತ್ತಾನೆ. ಯಕ್ಷಗಾನದಲ್ಲಿ ಬಣ್ಣದ ವೇಷದ ಅಟ್ಟಹಾಸವನ್ನು ಕೇಳಿದವರಿಗೆ ಇದು ತೀರ ಅಪರಿಚಿತವೆನಿಸಬಾರದು. ರಕ್ಕಸನ ಆರ್ಭಟವನ್ನು ಕೇಳಿ ಯಾರೂ ವೇಷಧಾರಿಯನ್ನೇ ರಕ್ಕಸನೆಂದುಕೊಳ್ಳುವುದಿಲ್ಲವಷ್ಟೆ.

ಅಮೆರಿಕದ ಫ್ಲಾರಿಡಾದ ಚಕ್ ಶುಲ್ಡಿನರ್ ಕಟ್ಟಿದ ಡೆತ್ ಎಂಬ ಮೇಳವು 1987ರ ತನ್ನ ಮೊದಲ ಆಲ್ಬಮ್ಮಿನಲ್ಲಿ ರಕ್ತಮಾಂಸಗಳ ಬೀಭತ್ಸವನ್ನೇ ನೆಚ್ಚಿತ್ತು. 1991ರ ‘ಹ್ಯೂಮನ್’ ಹೊತ್ತಿಗೆ ಆತನ ದೃಷ್ಟಿ ಹೊರಳಿತು. ದೇಹವನ್ನು ಸೀಳುವ ಕಥೆಗಳನ್ನು ಬಿಟ್ಟು ಮನಸ್ಸನ್ನು ಬಗೆದು ನೋಡುವ ಕೆಲಸಕ್ಕೆ ಆತನು ತೊಡಗಿದನು. ತಾಳದ ಲೆಕ್ಕಾಚಾರಗಳು ಸೂಕ್ಷ್ಮವಾದವು. ಶಾನ್ ರೈನರ್ಟನ ಡ್ರಮ್ಮಿನಲ್ಲಿ ಜ್ಯಾಸ್ ಸಂಗೀತದ ನಾಜೂಕು ಬೆರೆಯಿತು. ಒಂದು ಪ್ರಭೇದವು ಪ್ರಾಯಕ್ಕೆ ಬಂದ ಗಳಿಗೆ ಅದು. ಶುಲ್ಡಿನರ್ 2001ರ ಡಿಸೆಂಬರಿನಲ್ಲಿ, 34ನೆಯ ವಯಸ್ಸಿನಲ್ಲಿ, ಮೆದುಳಿನ ಗಂತಿಗೆ ಬಲಿಯಾದನು. ‘ಹ್ಯೂಮನ್’ಗೆ 10ಕ್ಕೆ 9.

ಕೈ ತಡೆಯುವ ಒಂದು ಆಲ್ಬಮ್

ಮೂರು ಪ್ರಶ್ನೆಗಳು ಸಾಲದೆ ಹೋಗುವ ಸಂದರ್ಭವೂ ಉಂಟು. ನಾರ್ವೆಯಲ್ಲಿ 1992ರಿಂದ ಹಲವು ಚರ್ಚುಗಳಿಗೆ ಬೆಂಕಿ ಬಿತ್ತು. ‘ಬ್ಲ್ಯಾಕ್ ಮೆಟಲ್’ ಬಳಗದ ಕೆಲವು ತರುಣರಿಗೆ ಈ ಅಪರಾಧಕ್ಕಾಗಿ ಶಿಕ್ಷೆಯಾಯಿತು. 1993ರ ಆಗಸ್ಟ್ 10ರಂದು ಮೇಹೆಮ್ ಮೇಳದ ಗಿಟಾರ್ ವಾದಕ ಯೂರೊನಿಮಸನನ್ನು ವಾರ್ಗ್ ವಿಕರ್ನೆಸ್ ಎಂಬ ಇನ್ನೊಬ್ಬ ಕಲಾವಿದನು ಇರಿದು ಕೊಂದನು. ಅವನಿಗೆ 21 ವರ್ಷಗಳ ಸೆರೆವಾಸ ವಿಧಿಸಲಾಯಿತು. 1994ರಲ್ಲಿ ಹೊರಬಂದ ಮೇಹೆಮ್ ಮೇಳದ ‘ಡೆ ಮಿಸ್ಟೀರಿಯಿಸ್ ಡಾಮ್ ಸತಾನಸ್’ನಲ್ಲಿ ಗಿಟಾರ್ ನುಡಿಸಿರುವವನು ಕೊಲೆಯಾದವನು, ಬಾಸ್ ಗಿಟಾರ್ ನುಡಿಸಿರುವವನು ಕೊಂದವನು!

ಸಂಗೀತವೆಂದು ಕೇಳಿದರೆ ಚಳಿಗಾಲದ ಕಾಡಿನ ನಿರ್ಜನತೆಯನ್ನು ಇಷ್ಟು ತೀವ್ರವಾಗಿ ಮೂಡಿಸಿದ ಆಲ್ಬಮ್‌ಗಳು ವಿರಳ. ಹಂಗೆರಿಯ ಗಾಯಕ ಆಟಿಲಾ ಚಿಹಾರ್‌ನ ವಿಕಾರಕಂಠವು ಮಂತ್ರಪಠಣದಂತೆಯೂ ನರಳಾಟದಂತೆಯೂ ಕೇಳುತ್ತದೆ. ಕಲೆಗೆ 10ಕ್ಕೆ 8 ಎನ್ನಬಹುದು. ಆದರೆ ವೇಷಧಾರಿಯು ರಂಗದಿಂದ ಇಳಿದ ಮೇಲೂ ರಕ್ಕಸನಾಗಿಯೇ ಉಳಿದರೆ ಅದು ಯಕ್ಷಗಾನವಲ್ಲ. ಸುಟ್ಟ ಚರ್ಚುಗಳೂ ಹೋದ ಪ್ರಾಣವೂ ಹಾಡಿಗೆ ಮೆರುಗು ಕೊಡುತ್ತವೆಂದು ಭಾವಿಸಿ ಒಂದೆರಡು ಅಂಕ ಹೆಚ್ಚು ಕೊಡುವ ಅಭಿಮಾನಿಗಳುಂಟು. ಅವರು ಅಳೆಯುತ್ತಿರುವುದು ಸಂಗೀತವನ್ನಲ್ಲ. ಈ ಆಲ್ಬಮ್ಮನ್ನು ಮೆಚ್ಚುವ ಮಗನಿಗೆ ಮನೆಯವರು ಅದನ್ನು ನಿಷೇಧಿಸುವುದಕ್ಕಿಂತ, ಅದರ ಹಿಂದಿನ ಈ ಕಥೆಯನ್ನು ಪೂರ್ಣವಾಗಿ ತಿಳಿಯಲು ಹೇಳುವುದು ಮೇಲು.

ಪಾಂಡಿತ್ಯದ ದಾರಿ

ಇದಕ್ಕೆ ತೀರ ಎದುರಾದದ್ದು ‘ಪ್ರೊಗ್ರೆಸಿವ್’ ಪ್ರಭೇದ. ಬಾಸ್ಟನ್ನಿನ ಬರ್ಕ್‌ಲಿ ಸಂಗೀತ ಕಾಲೇಜಿನ ವಿದ್ಯಾರ್ಥಿಗಳು 1985ರಲ್ಲಿ ಆರಂಭಿಸಿದ ಮೇಳವು ಮುಂದೆ ಡ್ರೀಮ್ ಥಿಯೇಟರ್ ಎಂಬ ಹೆಸರನ್ನು ತಾಳಿ, 1992ರಲ್ಲಿ ‘ಇಮೇಜಸ್ ಅಂಡ್ ವರ್ಡ್ಸ್’ ಆಲ್ಬಮ್ಮನ್ನು ಹೊರತಂದಿತು. ತಾಳಗಳು ಹೆಜ್ಜೆಹೆಜ್ಜೆಗೂ ಬದಲಾಗುತ್ತವೆ. ಪ್ರತಿಯೊಬ್ಬ ವಾದಕನೂ ಪ್ರವೀಣ. ನಮ್ಮ ಕಚೇರಿಗಳಲ್ಲಿ ತನಿ ಆವರ್ತನವನ್ನು ಆಸ್ಥೆಯಿಂದ ಕೇಳುವವರಿಗೆ ಈ ಬಗೆ ಬೇಗ ಹಿಡಿಸೀತು. ಕೆಲವೆಡೆ ಪಾಂಡಿತ್ಯವು ಭಾವವನ್ನು ಹಿಂದಕ್ಕೆ ತಳ್ಳಿ ತಾನೇ ಮುಂದೆ ಬಂದು ನಿಲ್ಲುತ್ತದೆ. 10ಕ್ಕೆ 7.

ಅಂಕದ ಮಿತಿ

ಇಲ್ಲಿ ಕೊಟ್ಟ ಅಂಕಗಳನ್ನು ಒಂದರ ಕೆಳಗೊಂದು ಬರೆದು ರ‍್ಯಾಂಕು ನಿರ್ಧರಿಸಲು ಹೊರಟರೆ ಮತ್ತೆ ಹಳೆಯ ತಪ್ಪೇ ಆಗುತ್ತದೆ. ಗಣಿತದಲ್ಲಿ 80 ತೆಗೆದುಕೊಂಡವನೂ ಕನ್ನಡದಲ್ಲಿ 80 ತೆಗೆದುಕೊಂಡವನೂ ಒಂದೇ ವಿದ್ಯೆಯನ್ನು ಬಲ್ಲವರಲ್ಲ. 1989ರ ಗ್ರ್ಯಾಮಿ ಸಮಾರಂಭದಲ್ಲಿ ಹಾರ್ಡ್ ರಾಕ್ ಮತ್ತು ಮೆಟಲ್ ಎರಡಕ್ಕೂ ಸೇರಿ ಒಂದೇ ಪ್ರಶಸ್ತಿಯನ್ನಿಟ್ಟಾಗ, ಮೆಟಾಲಿಕಾ ಸೋತು ಕೊಳಲಿನ ಇಂಪಿಗೆ ಹೆಸರಾದ ಜೆತ್ರೊ ಟಲ್ ಮೇಳ ಗೆದ್ದಿತು. ಸಭೆಯೇ ಬೆರಗಾಯಿತು. ಮರುವರ್ಷ ಆ ಎರಡನ್ನೂ ಬೇರ್ಪಡಿಸಿ ಪ್ರತ್ಯೇಕ ಪ್ರಶಸ್ತಿಗಳನ್ನು ಏರ್ಪಡಿಸಬೇಕಾಯಿತು.

ಹಜಾರದಲ್ಲಿ ಕುಳಿತ ತಂದೆಗೆ ಈ ಸಂಗೀತ ಹಿಡಿಸಲೇಬೇಕೆಂಬ ನಿಯಮವೇನೂ ಇಲ್ಲ. ಆದರೆ “ಏನಪ್ಪಾ ಈ ಗದ್ದಲ?” ಎಂದು ಗದರುವ ಬದಲು ಒಮ್ಮೆ ಬಾಗಿಲು ತಟ್ಟಿ, “ಇದು ಯಾವ ಬಗೆಯದು? ಈ ಬಗೆಯಲ್ಲಿ ಒಳ್ಳೆಯದು ಯಾವುದು, ಏಕೆ?” ಎಂದು ಕೇಳಿ ನೋಡಬಹುದು. ಏಕೆಂಬುದಕ್ಕೆ ಉತ್ತರ ಹುಡುಕುವಾಗ ಮಕ್ಕಳೂ ತಮ್ಮ ಮೆಚ್ಚುಗೆಯನ್ನು ತಾವೇ ಒರೆಗೆ ಹಚ್ಚಬೇಕಾಗುತ್ತದೆ. ಆ ಮಾತುಕತೆ ಮುಗಿಯುವುದರೊಳಗೆ, ಬೆರಳ ತುದಿ ಕಳೆದುಕೊಂಡ ತರುಣನೊಬ್ಬನಿಗೆ ಗಾನತಟ್ಟೆ ತಂದು ಕೇಳಿಸಿದ ಆ ಮೇಸ್ತ್ರಿಯ ಕಥೆಯನ್ನು ತಂದೆಯೇ ಮಗನಿಗೆ ಹೇಳಿಯಾನು.