ಆಗಸ್ಟಿನಲ್ಲಿ ಒಂದು ರಾತ್ರಿ ನಿದ್ದೆ

ಮೊಮ್ಮಗಳಿಗೆ ಶಾಲೆಯಲ್ಲಿ ‘ನಮ್ಮ ಮನೆಯವರ ಆಸೆಗಳು’ ಅಂತ ಬರೆದುಕೊಂಡು ಬರಲು ಹೇಳಿದ್ದರಂತೆ. ಸಂಜೆ ಪುಸ್ತಕ, ಪೆನ್ಸಿಲ್ ಹಿಡಿದು ಜಗಲಿಗೆ ಬಂದಳು. ಅವರಪ್ಪ ಟ್ರ್ಯಾಕ್ಟರ್ ಅಂದ. ಅವರಮ್ಮ ನಲ್ಲಿಯಲ್ಲಿ ದಿನಾ ನೀರು ಬಂದರೆ ಸಾಕು ಅಂದಳು. “ತಾತ, ನಿಂದೇನು?” ಅಂತ ಕೇಳಿದಾಗ ನನ್ನ ಬಾಯಿಗೆ ತಟ್ಟನೆ ಬಂದದ್ದು: “ಆಗಸ್ಟ್ ತಿಂಗಳಲ್ಲಿ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಬೇಕು ಕಣವ್ವ.” ಅವಳು ಬರೆದುಕೊಳ್ಳಲಿಲ್ಲ. ಇದೂ ಒಂದು ಆಸೆಯಾ ಅನ್ನೋ ಹಾಗೆ ಮುಖ ನೋಡಿದಳು.

ಹುಣಸೂರು, ಪಿರಿಯಾಪಟ್ಟಣದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ನಾಲ್ಕು ಮಾತು. ನಮ್ಮದು ಹನಗೋಡು ಕಡೆಯ ಮಳೆಯಾಶ್ರಿತ ಹೊಲ. ಮೂರೆಕರೆಯಲ್ಲಿ ಎರಡೆಕರೆ ವರ್ಜೀನಿಯಾ ಹೊಗೆಸೊಪ್ಪು. ಮೇ ತಿಂಗಳಲ್ಲಿ ಸಸಿ ನೆಟ್ಟರೆ ಜುಲೈ ಹೊತ್ತಿಗೆ ಬುಡದ ಎಲೆ ಹಣ್ಣಾಗುತ್ತದೆ. ಅದನ್ನು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಬೇಕು. ಬ್ಯಾರನ್ ಅಂದರೆ ಒಂದು ಎತ್ತರದ ಕೋಣೆ. ಒಲೆಯ ಬಾಯಿ ಹೊರಗಡೆ, ಒಳಗೆ ನೆಲದ ಹತ್ತಿರ ತಗಡಿನ ಕೊಳವೆ. ಹೊಗೆ ಕೊಳವೆಯೊಳಗೇ ಸುತ್ತಿ ಆಚೆ ಹೋಗುತ್ತದೆ, ಎಲೆಗೆ ಸಿಗುವುದು ಕಾವು ಮಾತ್ರ. ಮೊದಲ ಒಂದೆರಡು ದಿನ 95–100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿಟ್ಟು ಹಳದಿ ಬರಿಸಬೇಕು. ಆಮೇಲೆ ಮೆಲ್ಲಗೆ ಏರಿಸುತ್ತಾ ಹೋಗಿ ಕೊನೆಗೆ 160ರ ಹತ್ತಿರ ಎಲೆಯ ನಡುದಂಟು ಒಣಗಿಸಬೇಕು. ಬೇಗ ಏರಿಸಿದರೆ ಎಲೆಯಲ್ಲಿ ಹಸಿರು ನಿಂತುಬಿಡುತ್ತದೆ. ತಡ ಮಾಡಿದರೆ ಕಂದಿಹೋಗುತ್ತದೆ. ಒಣಗಿದ ಎಲೆ ಜಾರಿ ಕಾದ ಕೊಳವೆಯ ಮೇಲೆ ಬಿತ್ತೋ, ಬ್ಯಾರನ್ನೇ ಉರಿದುಹೋಗಬಹುದು. ಹೀಗೆ ಐದಾರು ದಿನ, ಹಗಲೂ ರಾತ್ರಿ. ಒಂದು ಇಳಿಸುವ ಹೊತ್ತಿಗೆ ಹೊಲದಲ್ಲಿ ಇನ್ನೊಂದು ಮುರಿತಕ್ಕೆ ಎಲೆ ಹಣ್ಣಾಗಿರುತ್ತದೆ. ಶ್ರಾವಣದ ಹಬ್ಬವೆಲ್ಲ ನಮಗೆ ಒಲೆಯ ಮುಂದೆಯೇ.

ನಾನು ಆಗಸ್ಟಿನಲ್ಲಿ ಬ್ಯಾರನ್ ಬಿಟ್ಟು ಹೋಗಿದ್ದು ಒಂದೇ ಸಲ, 1998ರಲ್ಲಿ. ಅದೂ ನಿದ್ದೆಗಲ್ಲ.

ಬ್ಯಾರನ್ ಏರಿಸಿ ಮೂರನೇ ರಾತ್ರಿ. ಹೆಂಡತಿಗೆ ಹೊಟ್ಟೆನೋವು ಶುರುವಾಯಿತು. ಕುಡುಗೋಲು ತಾಗಿದರೂ ಬಟ್ಟೆ ಸುತ್ತಿಕೊಂಡು ಕೆಲಸ ಮಾಡುವವಳು ಅವಳು. ಅಂಥವಳು ನೆಲದಲ್ಲಿ ಹೊರಳಾಡಿದಾಗ ನನಗೆ ಕೈಕಾಲು ಆಡಲಿಲ್ಲ. ಪಕ್ಕದೂರಿನಿಂದ ಜೀಪು ತರಿಸಿದೆ. ಮಗನಿಗೆ ಆಗ ಒಂಬತ್ತು ವರ್ಷ. ಒಲೆ ನೋಡುವವರು ಯಾರು? ಬೆಂಕಿ ಆರಿಸಿದರೆ ಸೊಪ್ಪು ಹಾಳು, ಉರಿಯುವ ಒಲೆ ಬಿಟ್ಟು ಹೋಗುವ ಹಾಗಿಲ್ಲ. ಆ ವರ್ಷದ ಸಾಲದ ಮೊದಲ ಕಂತು ಆ ಬ್ಯಾರನ್ನಿನಲ್ಲಿ ತೂಗಾಡುತ್ತಿತ್ತು. ಹೆಂಡತಿ ಜೀಪಿನಲ್ಲಿ ನರಳುತ್ತಿದ್ದಾಳೆ, ನಾನು ಒಲೆ ಮುಂದೆ ನಿಂತು ಲೆಕ್ಕ ಹಾಕುತ್ತಿದ್ದೇನೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಜೀಪಿನ ಬೆಳಕು ಕಂಡು ಪಕ್ಕದ ಹೊಲದ ಅಣ್ಣ ಎದ್ದು ಬಂದರು. ನಮ್ಮಿಬ್ಬರಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಬದುವಿನ ಮೇಲಿದ್ದ ಹೊಂಗೆ ಮರದ ಕೊಂಬೆಯನ್ನು ನಾನು ಒಲೆಗೆ ಅಂತ ಕಡಿದಿದ್ದೆ. ಮರ ನಮ್ಮದು ಅಂತ ಅವರು, ನಮ್ಮದು ಅಂತ ನಾನು. ಊರ ನ್ಯಾಯದವರೆಗೂ ಹೋಗಿತ್ತು.

“ಎಷ್ಟ್ರಲ್ಲಿ ಮಡಗಿದ್ದೀಯ?” ಅಂದರು.

“ನೂರಾ ಹದಿನೈದು ಅಣ್ಣ.”

“ಸರಿ, ಹೋಗ್ಲಾ ಮೊದ್ಲು. ಅವಳನ್ನ ಕರ್ಕೊಂಡ್ ಹೋಗು. ಒಲೆ ನಾನ್ ನೋಡ್ಕೊತೀನಿ.”

ಅಷ್ಟೇ ಮಾತು. ಹುಣಸೂರಿನಲ್ಲಿ ನೋಡಿ ಮೈಸೂರಿಗೆ ಕಳಿಸಿದರು. ಅಪೆಂಡಿಕ್ಸ್ ಆಗಿತ್ತು, ಬೆಳಗಾಗುವುದರೊಳಗೆ ಆಪರೇಷನ್ ಮಾಡಿದರು. ನಾನು ಊರಿಗೆ ಬಂದದ್ದು ನಾಲ್ಕನೇ ದಿನ. ಒಲೆ ಆರಿತ್ತು, ಬಾಗಿಲು ತೆರೆದಿತ್ತು. ಸೊಪ್ಪು ಒಳ್ಳೇ ನಿಂಬೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಒಲೆ ಪಕ್ಕದ ಗೋಡೆ ಮೇಲೆ ಇದ್ದಿಲಿನಲ್ಲಿ ಸಾಲಾಗಿ ಅಂಕಿ ಬರೆದಿದ್ದರು. ಎರಡೆರಡು ಗಂಟೆಗೆ ಒಂದರಂತೆ, ಎಷ್ಟು ಡಿಗ್ರಿ ಇತ್ತು ಅಂತ. ನಾನು ಬಂದು ತಕರಾರು ಮಾಡಿದರೆ ತೋರಿಸಲು ಬರೆದರೋ, ತೂಕಡಿಕೆ ಬಾರದಿರಲಿ ಅಂತ ಬರೆದರೋ, ನಾನು ಕೇಳಲಿಲ್ಲ.

ಆಗ ಅವರ ಬ್ಯಾರನ್ನೂ ಏರಿತ್ತು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಎರಡು ಒಲೆಗಳ ನಡುವೆ ಮೂರು ರಾತ್ರಿ ಓಡಾಡಿದ್ದಾರೆ. ನಮ್ಮದು ಬಣ್ಣ ಬಂತು, ಅವರದು ಕಂದಿತು. ಇದನ್ನು ಅವರು ಹೇಳಲಿಲ್ಲ. ಹರಾಜು ಮುಗಿದ ಮೇಲೆ ಒಂದು ದಿನ ಅತ್ತಿಗೆ ಬಾಯಿ ತಪ್ಪಿ ಹೇಳಿದರು. ದುಡ್ಡು ತಗೊಂಡು ಹೋದೆ. “ಮುಯ್ಯಿ ಅಂತ ತಿಳ್ಕೊ, ಯಾವಾಗ್ಲಾದ್ರೂ ತೀರ್ಸುವಂತೆ” ಅಂದು ಎಲೆಅಡಿಕೆ ತಟ್ಟೆ ಮುಂದೆ ಸರಿಸಿದರು.

ಮುಯ್ಯಾಳು ಗೊತ್ತಲ್ಲ. ನಾಟಿಗೋ ಕಳೆಗೋ ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಕೂಲಿ ಇಲ್ಲ, ಆಳಿಗೆ ಆಳು. ಈಗ ನಮ್ಮ ಕಡೆ ಅದು ಬಹಳ ಕಡಿಮೆಯಾಗಿದೆ. ಅದರಲ್ಲಿ ಲೆಕ್ಕ ಸರಿಹೋಗುವುದು ಇಬ್ಬರಿಗೂ ಕಷ್ಟ ಬಂದಾಗ. ಅಣ್ಣನಿಗೆ ನನ್ನಿಂದ ಆಗಬೇಕಾದ ಕಷ್ಟ ಬರಲೇ ಇಲ್ಲ. 2009ರಲ್ಲಿ ಅವರು ಹೊಗೆಸೊಪ್ಪು ಬಿಟ್ಟರು, 2013ರಲ್ಲಿ ತೀರಿಕೊಂಡರು. ಬ್ಯಾರನ್ನಿಗೆ ಸುಣ್ಣ ಹೊಡೆಯುವಾಗ ಆ ಅಂಕಿಗಳಿದ್ದ ಜಾಗ ಮಾತ್ರ ಬಿಟ್ಟು ಹೊಡೆಯುತ್ತಿದ್ದೇನೆ. ಈಗ ಅಲ್ಲಿ ಮಸಿ ಬಿಟ್ಟರೆ ಏನೂ ಕಾಣುವುದಿಲ್ಲ.

ಮೊಮ್ಮಗಳ ವಿಷಯಕ್ಕೆ ಬರೋಣ. ನನ್ನಿಂದ ಪ್ರಯೋಜನ ಕಾಣದೆ ನೆಂಟರಿಗೆಲ್ಲ ಫೋನ್ ಹಚ್ಚಿದಳು. ಎಚ್.ಡಿ.ಕೋಟೆ ಕಾಡಂಚಿನಲ್ಲಿರುವ ನನ್ನ ತಂಗಿಗೆ ಒಂದೇ ಆಸೆ: ಒಂದು ವರ್ಷವಾದರೂ ರಾಗಿ ಆನೆಗಿಂತ ಮೊದಲು ಮನೆ ಸೇರಬೇಕು. ಕೆ.ಆರ್.ನಗರದ ಭಾವಮೈದುನನದು ಬೇರೆಯೇ ಕಥೆ. ಅವನು ಎತ್ತು ಮಾರಿ ಬಹಳ ವರ್ಷವಾಯಿತು, ಗದ್ದೆ ಉಳುಮೆಗೆ ಟಿಲ್ಲರ್ ಇದೆ. ಆದರೂ ಜನವರಿಯಲ್ಲಿ ಚುಂಚನಕಟ್ಟೆ ಜಾತ್ರೆಗೆ ತಪ್ಪುವುದಿಲ್ಲ. ಸಾಲಾಗಿ ಕಟ್ಟಿದ ಹಳ್ಳಿಕಾರ್ ಜೋಡಿಗಳ ಹಲ್ಲು ನೋಡುತ್ತಾನೆ, ಭುಜ ಸವರುತ್ತಾನೆ, ಕೊಳ್ಳುವವನ ಹಾಗೆಯೇ ಬೆಲೆ ಕೇಳುತ್ತಾನೆ. ಆಮೇಲೆ ಬೋಂಡ ತಿಂದು, ಹೊಳೆ ಧುಮುಕುವುದನ್ನು ನೋಡಿ, ಕತ್ತಲಾದ ಮೇಲೆ ಮನೆಗೆ ಬರುತ್ತಾನೆ. ಕೊಟ್ಟಿಗೆಯಲ್ಲಿ ಮತ್ತೆ ಒಂದು ಜೊತೆ ಕಟ್ಟಬೇಕು ಅನ್ನುವುದು ಅವನ ಆಸೆ. ಕಟ್ಟುವುದಿಲ್ಲ ಅಂತ ಅವನಿಗೂ ಗೊತ್ತು.

ನನ್ನ ಹೆಂಡತಿಯನ್ನು ಯಾರೂ ಕೇಳಲಿಲ್ಲ. ಅವಳ ಆಸೆ ಆಗಲೇ ಹೊಲದಲ್ಲಿದೆ. ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವಳು ಹೇಳಿದ್ದಳು, ಹೊಗೆಸೊಪ್ಪಿನ ಗಲಾಟೆಯಲ್ಲಿ ಸ್ವಂತ ಹೊಲದ ಅವರೆಕಾಯಿ ತಿಂದು ಎಷ್ಟು ವರ್ಷವಾಯಿತು ಅಂತ. ಮಾರನೇ ವರ್ಷದಿಂದ ಒಂದೆಕರೆ ಬಿಟ್ಟೆ. ಅದಕ್ಕೂ ಮೊದಲು ಮೂರೂ ಎಕರೆ ಹೊಗೆಸೊಪ್ಪೇ. ಈಗ ಅಲ್ಲಿ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ನಡುನಡುವೆ ಹುಚ್ಚೆಳ್ಳು. ಹೊಗೆಸೊಪ್ಪು ಪೂರ್ತಿ ಬಿಡಿ ಅಂತ ಹೇಳುವವರು ಬಹಳ ಜನ. ತಂಬಾಕು ನಿಯಂತ್ರಣದ ವಿಶ್ವ ಒಪ್ಪಂದವನ್ನು ಭಾರತ 2004ರಲ್ಲೇ ಒಪ್ಪಿಕೊಂಡಿದೆ. ಮೂರೆಕರೆಯವನಿಗೆ ಒಟ್ಟಿಗೆ ಅಷ್ಟು ದುಡ್ಡು ಕೊಡುವ ಇನ್ನೊಂದು ಮಳೆ ಬೆಳೆ ನನಗಂತೂ ಸಿಕ್ಕಿಲ್ಲ. ಆ ಒಂದೆಕರೆಯಲ್ಲಿ ಲಾಭ ಎಷ್ಟು ಅಂತ ಕೇಳಬೇಡಿ. ಡಿಸೆಂಬರ್ ಚಳಿಯಲ್ಲಿ ಸೊಗಡವರೆ ಬಿಡಿಸಿದರೆ ಎರಡು ದಿನ ಕೈಯಿಂದ ವಾಸನೆ ಹೋಗುವುದಿಲ್ಲ. ಕಾಳು ನೆನೆಸಿ, ಎಲ್ಲರೂ ಒಂದು ಮೊರದ ಸುತ್ತ ಕೂತು ಹಿತಕುತ್ತಾ ಊರಿನ ಸುದ್ದಿಯೆಲ್ಲ ಮಾತಾಡುತ್ತೇವೆ. ರಾತ್ರಿಗೆ ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ.

ಮೊದಲ ಕೊಯ್ಲಿನ ಕಾಯಿ ಮಾತ್ರ ನಮ್ಮ ಮನೆಗೆ ಬರುವುದಿಲ್ಲ. ಹೆಂಡತಿ ಸೆರಗಿನಲ್ಲಿ ತುಂಬಿಕೊಂಡು ನೇರ ಅತ್ತಿಗೆ ಮನೆಗೆ ಹೋಗುತ್ತಾಳೆ. “ಪ್ರತಿ ವರ್ಷ ಯಾಕ್ ತತ್ತೀಯವ್ವ, ನಂಗೆ ಹಲ್ಲೇ ಇಲ್ಲ” ಅನ್ನುತ್ತಾರೆ ಅತ್ತಿಗೆ. ಬರುವಾಗ ಇವಳ ಸೆರಗಿನಲ್ಲಿ ನಾಲ್ಕು ನಿಂಬೆಹಣ್ಣೋ, ಒಂದು ಹಿಡಿ ಕರಿಬೇವೋ ಇದ್ದೇ ಇರುತ್ತದೆ. ಬರಿಗೈಯಲ್ಲಿ ಕಳಿಸುವ ಹೆಂಗಸಲ್ಲ ಅವರು. ನಮ್ಮ ಮುಯ್ಯಿ ತೀರುವುದಾದರೂ ಹೇಗೆ?

ಹೊಂಗೆ ಮರ ಇನ್ನೂ ಬದುವಿನ ಮೇಲೇ ಇದೆ. ಯಾರದು ಅಂತ ತೀರ್ಮಾನವಾಗಿಲ್ಲ. ಈ ವರ್ಷ ಸೊಪ್ಪನ್ನು ಅವರ ಮಗ ಗೊಬ್ಬರಕ್ಕೆ ಕಡಿದುಕೊಂಡ, ಒಣಗಿದ ಕೊಂಬೆಗಳನ್ನು ನಮ್ಮ ಒಲೆ ಪಕ್ಕ ತಂದು ಹಾಕಿ ಹೋಗಿದ್ದ.