ಐವತ್ತರ ಕಾವಲುಗಾರರು

ಬೆಂಗಳೂರಿಗೆ ವಿದ್ಯುತ್ ತಪ್ಪದೆ ಬರಬೇಕು, ಕೈಗೆಟಕುವ ದರದಲ್ಲಿ ಬರಬೇಕು, ಹೊಗೆ ಕಡಿಮೆ ಮಾಡಿಕೊಂಡು ಬರಬೇಕು. ಈ ಮೂರನ್ನೂ ಕ್ಷಣಕ್ಷಣವೂ ಹೊಂದಿಸುವ ರಾಜ್ಯ ಲೋಡ್ ಡಿಸ್ಪ್ಯಾಚ್ ಸೆಂಟರ್ ಮತ್ತು ಅಲ್ಲಿನ ಕಸುಬಿನ ಪರಿಚಯ ಇಲ್ಲಿದೆ.

ಆನಂದರಾವ್ ವೃತ್ತದಿಂದ ರೇಸ್‌ಕೋರ್ಸ್ ರಸ್ತೆಯ ಕಡೆಗೆ ಹೊರಳಿದರೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ, ಅಂದರೆ ಕೆಪಿಟಿಸಿಎಲ್‌ನ ರಾಜ್ಯ ಲೋಡ್ ಡಿಸ್ಪ್ಯಾಚ್ ಸೆಂಟರ್ ಸಿಗುತ್ತದೆ. ಇಲಾಖೆಯವರ ಬಾಯಲ್ಲಿ ಅದು ಎಸ್‌ಎಲ್‌ಡಿಸಿ. ಅದರ ನಿಯಂತ್ರಣ ಕೊಠಡಿಗೆ ಯುಗಾದಿಯ ರಜೆಯೂ ಇಲ್ಲ, ಭಾನುವಾರದ ರಜೆಯೂ ಇಲ್ಲ. ಎಂಜಿನಿಯರುಗಳು ಪಾಳಿಯ ಮೇಲೆ ಬಂದು ಕೂರುತ್ತಾರೆ. ಶರಾವತಿಯಲ್ಲಿ ಎಷ್ಟು ಯಂತ್ರ ಓಡುತ್ತಿವೆ, ರಾಯಚೂರಿನಿಂದ ಎಷ್ಟು ಬರುತ್ತಿದೆ, ಪಾವಗಡದ ಬಿಸಿಲು ಎಷ್ಟು ಕೊಡುತ್ತಿದೆ, ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿ ಹೇಗಿದೆ, ಬೆಂಗಳೂರಿಗೆ ವಿದ್ಯುತ್ ವಿತರಿಸುವ ಬೆಸ್ಕಾಂ ಎಷ್ಟು ಎಳೆಯುತ್ತಿದೆ ಎಂಬುದೆಲ್ಲ ಅವರ ಎದುರಿನ ಪರದೆಗಳಲ್ಲಿ ಬದಲಾಗುತ್ತಲೇ ಇರುತ್ತದೆ. ಆ ಅಂಕಿಗಳ ನಡುವೆ ಒಂದರ ಮೇಲೆ ಎಲ್ಲರ ಕಣ್ಣು. ಅದು 50ರ ಆಸುಪಾಸಿನಲ್ಲೇ ಇರಬೇಕು.

ಆ ಸಂಖ್ಯೆಯನ್ನು ಅರ್ಥ ಮಾಡಿಕೊಂಡರೆ ನಮ್ಮ ಮನೆಯ ಸ್ವಿಚ್ಚಿನ ಹಿಂದಿನ ಅರ್ಧ ಕಥೆ ಅರ್ಥವಾದಂತೆ.

ಕೂಡಿಡಲಾಗದ ಸರಕು

ಅಕ್ಕಿಯನ್ನು ಕಣಜದಲ್ಲಿಡಬಹುದು, ಪೆಟ್ರೋಲನ್ನು ಟ್ಯಾಂಕಿನಲ್ಲಿಡಬಹುದು. ಒಂದು ಮಹಾನಗರಕ್ಕೆ ಬೇಕಾಗುವ ವಿದ್ಯುತ್ತನ್ನು ಹಾಗೆ ತುಂಬಿಡುವ ವ್ಯವಸ್ಥೆ ಇನ್ನೂ ನಮ್ಮಲ್ಲಿ ಬೆಳೆದಿಲ್ಲ. ಜನ ಈ ಕ್ಷಣ ಎಷ್ಟು ಬಳಸುತ್ತಾರೋ ಅಷ್ಟೇ ವಿದ್ಯುತ್ ಈ ಕ್ಷಣವೇ ಎಲ್ಲೋ ಹುಟ್ಟಬೇಕು. ಮದುವೆಮನೆಯ ಅಡುಗೆಯವರು ಎಷ್ಟು ಪಂಕ್ತಿ ಏಳುತ್ತವೆಂದು ಅಂದಾಜು ಮಾಡಿ ಒಲೆ ಹೊತ್ತಿಸುತ್ತಾರೆ. ಹೆಚ್ಚುಕಡಿಮೆಯಾದರೆ ಒಂದಿಷ್ಟು ಮಿಗುತ್ತದೆ, ಇಲ್ಲವೇ ಮತ್ತೊಂದಿಷ್ಟು ಅನ್ನಕ್ಕಿಡುತ್ತಾರೆ. ಇಲ್ಲಿ ಮಿಗುವುದಕ್ಕೂ ಅವಕಾಶವಿಲ್ಲ, ಕಾಯಿಸುವುದಕ್ಕೂ ಅವಕಾಶವಿಲ್ಲ.

ಬಳಕೆ ಹೆಚ್ಚಿ ಉತ್ಪಾದನೆ ಸಾಲದಾದರೆ ದೇಶದ ತುಂಬ ತಿರುಗುತ್ತಿರುವ ಜನರೇಟರುಗಳ ವೇಗ ಕೂದಲೆಳೆಯಷ್ಟು ಕುಗ್ಗುತ್ತದೆ. ಉತ್ಪಾದನೆ ಹೆಚ್ಚಾದರೆ ವೇಗ ಏರುತ್ತದೆ. ಈ ವೇಗದ ಅಳತೆಯೇ ಫ್ರೀಕ್ವೆನ್ಸಿ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50 ಆವರ್ತ, ಅಂದರೆ 50 ಹರ್ಟ್ಸ್. 49.90ರಿಂದ 50.05ರ ನಡುವೆ ಅದನ್ನು ಕಾಪಾಡಬೇಕೆಂಬುದು ಗ್ರಿಡ್ ಸಂಹಿತೆಯ ನಿಯಮ. ತೀರಾ ಕೆಳಗಿಳಿದರೆ, ಇಡೀ ಜಾಲ ಕುಸಿಯದಂತೆ ತಡೆಯಲು ರಿಲೇ ಎಂಬ ರಕ್ಷಣಾ ಸಾಧನಗಳು ತಾವಾಗಿಯೇ ಕೆಲವು ಫೀಡರುಗಳನ್ನು, ಅಂದರೆ ವಿತರಣಾ ಮಾರ್ಗಗಳನ್ನು ಕಳಚಿಹಾಕುತ್ತವೆ. ಆ ಹಂತಕ್ಕೆ ಹೋಗದಂತೆ ನೋಡಿಕೊಳ್ಳುವುದೇ ಈ ಕಸುಬಿನ ಜೀವಾಳ.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿದದ್ದು ಹಲವರಿಗೆ ನೆನಪಿರಬಹುದು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ರಾಜ್ಯಗಳೂ ಕತ್ತಲಲ್ಲಿ ಮುಳುಗಿದವು. ದಕ್ಷಿಣದ ಗ್ರಿಡ್ ಆಗ ಪ್ರತ್ಯೇಕ ಫ್ರೀಕ್ವೆನ್ಸಿಯಲ್ಲಿ ಓಡುತ್ತಿದ್ದುದರಿಂದ ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೊವೋಲ್ಟ್ ಮಾರ್ಗದ ಮೂಲಕ ದಕ್ಷಿಣವೂ ರಾಷ್ಟ್ರೀಯ ಜಾಲಕ್ಕೆ ಸೇರಿತು. ಈಗ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಫ್ರೀಕ್ವೆನ್ಸಿ. ಕೊರತೆಯಾದಾಗ ದೂರದ ರಾಜ್ಯ ನೆರವಿಗೆ ಬರುತ್ತದೆ. ಹಾಗೆಯೇ ದೂರದ ರಾಜ್ಯದ ತಪ್ಪಿಗೆ ನಾವೂ ಎಚ್ಚರವಾಗಿರಬೇಕಾಗುತ್ತದೆ.

ನಾಳೆಯ ಅಂದಾಜು

ಎಸ್‌ಎಲ್‌ಡಿಸಿಯ ದಿನ ಹಿಂದಿನ ದಿನವೇ ಶುರುವಾಗುತ್ತದೆ. ಇಪ್ಪತ್ತನಾಲ್ಕು ಗಂಟೆಯನ್ನು ಹದಿನೈದು ನಿಮಿಷಕ್ಕೊಂದರಂತೆ 96 ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಎಷ್ಟು ಬೇಡಿಕೆ ಬರಬಹುದು, ಯಾರು ಎಷ್ಟು ಪೂರೈಸಬೇಕು ಎಂಬ ವೇಳಾಪಟ್ಟಿ ಸಿದ್ಧವಾಗುತ್ತದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಎಂಬ ವಿತರಣಾ ಕಂಪನಿಗಳು ತಮ್ಮ ತಮ್ಮ ಬೇಡಿಕೆ ತಿಳಿಸುತ್ತವೆ. ಉತ್ಪಾದಕರು ತಮ್ಮ ಸಾಮರ್ಥ್ಯ ತಿಳಿಸುತ್ತಾರೆ. ನಾಳೆ ಮಳೆಯೋ ಬಿಸಿಲೋ, ಹಬ್ಬವೋ ಬಂದೋ, ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯವಿದೆಯೋ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಯಾರಿಂದ ಮೊದಲು ವಿದ್ಯುತ್ ಪಡೆಯಬೇಕು ಎಂಬುದಕ್ಕೂ ಒಂದು ಕ್ರಮವಿದೆ. ಸೂರ್ಯ ಮತ್ತು ಗಾಳಿಗೆ ಇಂಧನದ ಖರ್ಚಿಲ್ಲ, ಅವನ್ನು ಬಿಟ್ಟರೆ ಬಂದ ವಿದ್ಯುತ್ ವ್ಯರ್ಥ. ಆದ್ದರಿಂದ ಅವಕ್ಕೆ ಮೊದಲ ಮಣೆ. ಕೈಗಾದ ಅಣು ಸ್ಥಾವರ ಒಂದೇ ಸಮನೆ ಓಡುವಂಥದ್ದು, ಅದಕ್ಕೂ ಜಾಗ ಮೀಸಲು. ಉಳಿದ ಸ್ಥಾವರಗಳನ್ನು ಯೂನಿಟ್ಟಿಗೆ ತಗಲುವ ಇಂಧನ ವೆಚ್ಚದ ಪ್ರಕಾರ ಅಗ್ಗದಿಂದ ದುಬಾರಿಯವರೆಗೆ ಸಾಲಾಗಿ ಜೋಡಿಸುತ್ತಾರೆ. ಇದಕ್ಕೆ ಮೆರಿಟ್ ಆರ್ಡರ್ ಎನ್ನುತ್ತಾರೆ. ಬೇಡಿಕೆ ಏರಿದಂತೆ ಸಾಲಿನ ಮುಂದಿನವರ ಸರದಿ. ಈ ಸಾಲು ತಪ್ಪಿ ದುಬಾರಿ ಸ್ಥಾವರವನ್ನು ಓಡಿಸಿದರೆ ಆ ಖರ್ಚು ಇಂದಲ್ಲ ನಾಳೆ ನಮ್ಮ ಬಿಲ್ಲಿಗೇ ಬರುತ್ತದೆ. ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ತಾದರೂ ಅಷ್ಟೆ, ಯಾರೋ ಒಬ್ಬರು ಅದರ ಬೆಲೆ ತೆರಲೇಬೇಕು. ಕೈಗೆಟಕುವ ದರದ ಒಂದು ಬೇರು ಈ ಕೊಠಡಿಯ ಶಿಸ್ತಿನಲ್ಲಿದೆ.

2003ರ ವಿದ್ಯುತ್ ಕಾಯ್ದೆಯು ಈ ಸಂಸ್ಥೆಗೆ ವಿಶೇಷ ಅಧಿಕಾರ ಕೊಟ್ಟಿದೆ. ರಾಜ್ಯದ ಜಾಲಕ್ಕೆ ಸಂಬಂಧಿಸಿದಂತೆ ಅದು ಕೊಡುವ ಸೂಚನೆಯನ್ನು ಉತ್ಪಾದಕರೂ ವಿತರಕರೂ ಪಾಲಿಸಲೇಬೇಕು. ಅದರ ಜೊತೆಗೇ ಒಂದು ಕಟ್ಟುಪಾಡೂ ಉಂಟು: ಎಸ್‌ಎಲ್‌ಡಿಸಿ ವಿದ್ಯುತ್ ವ್ಯಾಪಾರಕ್ಕೆ ಇಳಿಯುವಂತಿಲ್ಲ. ತಕ್ಕಡಿ ಹಿಡಿದವರಿಗೆ ಸರಕಿನ ಮೇಲೆ ಆಸೆಯಿರಬಾರದು ಎಂಬ ಈ ವಿವೇಕ ಮೆಚ್ಚುವಂಥದ್ದು.

ಬಿಸಿಲು ಇಳಿಯುವ ಹೊತ್ತು

ಹತ್ತು ಹನ್ನೆರಡು ವರ್ಷಗಳಲ್ಲಿ ಈ ಕೊಠಡಿಯ ಕೆಲಸದ ಸ್ವರೂಪವೇ ಬದಲಾಗಿದೆ. ಅದಕ್ಕೆ ದೊಡ್ಡ ಕಾರಣ ತುಮಕೂರು ಜಿಲ್ಲೆಯ ಪಾವಗಡ. ಸದಾ ಬರಕ್ಕೆ ತುತ್ತಾಗುತ್ತಿದ್ದ ಈ ತಾಲ್ಲೂಕಿನ ಐದು ಹಳ್ಳಿಗಳಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. 2018ರಲ್ಲಿ ಮೊದಲ ಹಂತ ಆರಂಭವಾಗಿ 2019ರ ಕೊನೆಯಲ್ಲಿ ಪೂರ್ಣಗೊಂಡಿತು. ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ.

ಮಾರ್ಚ್ ತಿಂಗಳ ಮಧ್ಯಾಹ್ನ ರಾಜ್ಯದ ಬೇಡಿಕೆಯ ದೊಡ್ಡ ಭಾಗವನ್ನು ಸೂರ್ಯನೇ ಪೂರೈಸುತ್ತಾನೆ. ಬೇಡಿಕೆಯೂ ಸಣ್ಣದಲ್ಲ: 2024ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತ್ತು. ಇದನ್ನು ತೂಗಿಸಲು ಒಂದು ಜಾಣ ಹೊಂದಾಣಿಕೆ ನಡೆದಿದೆ. ಒಂದು ಕಾಲದಲ್ಲಿ ರೈತರು ತ್ರೀ ಫೇಸ್ ಕರೆಂಟಿಗಾಗಿ ನಡುರಾತ್ರಿ ಎದ್ದು, ಹಾವು ಚೇಳಿನ ಭಯದಲ್ಲಿ ಗದ್ದೆಗೆ ಹೋಗಬೇಕಿತ್ತು. ಈಗ ಪಂಪ್‌ಸೆಟ್ಟುಗಳ ಹೊರೆಯನ್ನು ಆದಷ್ಟು ಹಗಲಿಗೆ, ಬಿಸಿಲಿರುವ ಗಂಟೆಗಳಿಗೆ ತರಲಾಗಿದೆ. ರೈತನ ನಿದ್ದೆ ಉಳಿಯಿತು, ಕಲ್ಲಿದ್ದಲೂ ಉಳಿಯಿತು.

ಕಷ್ಟ ಬರುವುದು ಸಂಜೆ. ಸೂರ್ಯ ಇಳಿಯುತ್ತಿದ್ದಂತೆ ಸಾವಿರಾರು ಮೆಗಾವ್ಯಾಟ್ ಕರಗುತ್ತಾ ಹೋಗುತ್ತದೆ. ಅದೇ ಹೊತ್ತಿಗೆ ಬೆಂಗಳೂರಿನ ಮನೆಗಳಲ್ಲಿ ದೀಪ, ಟಿವಿ, ಮಿಕ್ಸಿ, ಎಸಿ, ಹೊಸದಾಗಿ ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜರ್ ಎಲ್ಲವೂ ಒಟ್ಟಿಗೆ ಏಳುತ್ತವೆ. ರಾಯಚೂರು, ಬಳ್ಳಾರಿ, ಯರಮರಸ್‌ನ ಕಲ್ಲಿದ್ದಲು ಸ್ಥಾವರಗಳು ಹಠಾತ್ತನೆ ಏರಿಳಿಯುವಂಥವಲ್ಲ. ತಣ್ಣಗಾದ ಬಾಯ್ಲರ್ ಮತ್ತೆ ಕಾದು ಸಜ್ಜಾಗಲು ಗಂಟೆಗಟ್ಟಲೆ ಬೇಕು. ಆಗ ನೆರವಿಗೆ ಬರುವುದು ನೀರು. ಲಿಂಗನಮಕ್ಕಿ ಜಲಾಶಯದ ನೀರು ಹರಿದು ಬರುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1,035 ಮೆಗಾವ್ಯಾಟ್. ಸೂಚನೆ ಬಂದ ಕೆಲವೇ ನಿಮಿಷಗಳಲ್ಲಿ ಅವು ಪೂರ್ಣ ಶಕ್ತಿಗೆ ಏರಬಲ್ಲವು. ಕಾಳಿಯ ನಾಗಝರಿ, ವಾರಾಹಿ ಕೂಡ ಹಾಗೆಯೇ.

ಈ ಚುರುಕುತನದ ಬೆಲೆ ದೇಶಕ್ಕೇ ಗೊತ್ತಾದದ್ದು 2020ರ ಏಪ್ರಿಲ್ 5ರಂದು. ಲಾಕ್‌ಡೌನ್ ದಿನಗಳಲ್ಲಿ ರಾತ್ರಿ 9ಕ್ಕೆ ಒಂಬತ್ತು ನಿಮಿಷ ದೀಪ ಆರಿಸಲು ಕರೆ ಬಂದಾಗ ದೇಶದ ಬೇಡಿಕೆ ನಿಮಿಷಗಳಲ್ಲೇ ಸುಮಾರು 31 ಸಾವಿರ ಮೆಗಾವ್ಯಾಟ್ ಕುಸಿಯಿತು, ಮತ್ತೆ ಮೇಲೇರಿತು. ಮುಖ್ಯವಾಗಿ ಜಲವಿದ್ಯುತ್ ಯಂತ್ರಗಳನ್ನು ಇಳಿಸಿ ಏರಿಸಿ ಡಿಸ್ಪ್ಯಾಚ್ ಕೇಂದ್ರಗಳು ಜಾಲವನ್ನು ಕಾಪಾಡಿದವು.

ಪ್ರಕೃತಿಯೂ ಕರ್ನಾಟಕಕ್ಕೆ ಉದಾರವಾಗಿದೆ. ಬೇಸಿಗೆಯಲ್ಲಿ ಬಿಸಿಲು ಹೆಚ್ಚು. ಮುಂಗಾರಿನಲ್ಲಿ ಮೋಡ ಕವಿದು ಬಿಸಿಲು ಕುಂದಿದಾಗ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಭರದಿಂದ ತಿರುಗುತ್ತವೆ. ಅದೇ ಸಮಯದಲ್ಲಿ ಜಲಾಶಯಗಳೂ ತುಂಬುತ್ತವೆ. ಮಳೆ ಕೈಕೊಟ್ಟರೆ ಮಾತ್ರ ಲೆಕ್ಕವೆಲ್ಲ ತಲೆಕೆಳಗು. 2023ರಲ್ಲಿ ಮುಂಗಾರು ಸೋತಾಗ ಜಲಾಶಯ ತುಂಬಲಿಲ್ಲ, ಮಳೆಗಾಲದಲ್ಲೇ ಪಂಪ್‌ಸೆಟ್ಟುಗಳು ಓಡಿದವು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡುವಂತೆ ಆದೇಶಿಸಬೇಕಾಯಿತು.

ಶಿವನಸಮುದ್ರದ ಪಾಠ

ನೀರನ್ನು ಕೂಡಿಟ್ಟು ಬೇಕಾದಾಗ ವಿದ್ಯುತ್ ಮಾಡಿಕೊಳ್ಳುವ ಪಾಠವನ್ನು ನಾವು ಬಹಳ ಹಿಂದೆಯೇ ಕಲಿತಿದ್ದೇವೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಎಂಜಿನಿಯರ್ ಜೋಲಿ ದ ಲಾಟ್ಬಿನಿಯರ್ ಅವರ ಯೋಜನೆಯಂತೆ ಶಿವನಸಮುದ್ರದ ವಿದ್ಯುದಾಗಾರ ರೂಪುಗೊಂಡಿತು. 1902ರ ಜೂನ್‌ನಲ್ಲಿ ಅಲ್ಲಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅಷ್ಟು ಉದ್ದದ ತಂತಿಮಾರ್ಗ ಆಗ ಪ್ರಪಂಚದಲ್ಲೇ ಅಪರೂಪ. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿಗೂ ವಿದ್ಯುದ್ದೀಪ ಬಂತು.

ಬೇಸಿಗೆಯಲ್ಲಿ ಕಾವೇರಿ ಬಡವಾದಾಗ ಗಣಿಗಳಿಗೆ ವಿದ್ಯುತ್ ಸಾಲುತ್ತಿರಲಿಲ್ಲ. ನದಿಯ ಹರಿವನ್ನೇ ನಂಬಿ ಕೂರಲಾಗದು, ನೀರನ್ನು ಕಟ್ಟಿ ನಿಲ್ಲಿಸಬೇಕು ಎಂಬ ಅರಿವು ಆಗ ಬಂತು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರಕ್ಕೆ ನೀರಾವರಿಯಷ್ಟೇ ಶಿವನಸಮುದ್ರದ ಯಂತ್ರಗಳ ಹಸಿವೂ ಕಾರಣವಾಗಿತ್ತು. ಇಂದು ಬಿಸಿಲು, ಗಾಳಿಯ ವಿಷಯದಲ್ಲೂ ನಾವು ಅದೇ ಘಟ್ಟದಲ್ಲಿದ್ದೇವೆ. ಮಧ್ಯಾಹ್ನದ ಬಿಸಿಲನ್ನು ಸಂಜೆಗೆ ಉಳಿಸುವ ಬ್ಯಾಟರಿಗಳು ಬೇಕು. ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಸಂಜೆ ಇಳಿಸುವ ಪಂಪ್ಡ್ ಸ್ಟೋರೇಜ್ ಬೇಕು. ಉತ್ಪಾದನೆಯನ್ನು ಹೆಚ್ಚಿಸುವುದಕ್ಕಿಂತ ಸಂಗ್ರಹದ ಈ ಕೆಲಸವೇ ಬೆಂಗಳೂರಿನ ಮುಂದಿನ ಇಪ್ಪತ್ತು ವರ್ಷಗಳನ್ನು ನಿರ್ಧರಿಸುತ್ತದೆ ಎಂದು ನಾನು ನಂಬಿದ್ದೇನೆ.

ಬೀದಿಯ ಕಂಬದವರೆಗೆ

ನೆಲಮಂಗಲ, ಸೋಮನಹಳ್ಳಿ, ಹೂಡಿಯಂಥ ಕಡೆ 400 ಕಿಲೊವೋಲ್ಟ್ ಕೇಂದ್ರಗಳಿಗೆ ಬಂದ ವಿದ್ಯುತ್ 220, 66 ಎಂದು ಇಳಿಯುತ್ತಾ, ಬಡಾವಣೆಯ ಸಬ್‌ಸ್ಟೇಷನ್ನಿನಲ್ಲಿ 11 ಕಿಲೊವೋಲ್ಟ್ ಆಗಿ, ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ, ಅಂದರೆ ಟಿಸಿಯಲ್ಲಿ ಮನೆಬಳಕೆಯ ಮಟ್ಟಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಇಂದು ಕರೆಂಟ್ ಹೋದರೆ ಬಹುಪಾಲು ಕಾರಣ ಈ ಕೊನೆಯ ಹಾದಿಯಲ್ಲೇ ಇರುತ್ತದೆ: ಮೇ ತಿಂಗಳ ಗಾಳಿಮಳೆಗೆ ಮುರಿದ ಕೊಂಬೆ, ರಸ್ತೆ ಅಗೆಯುವ ಜೆಸಿಬಿಗೆ ಸಿಕ್ಕ ಕೇಬಲ್, ಹೊರೆ ತಾಳದೆ ಕೆಟ್ಟ ಟಿಸಿ.

ಅಲ್ಲಿ ಜಾಲವನ್ನು ಕಾಯುವವರು ಲೈನ್‌ಮನ್‌ಗಳು, ಇಲಾಖೆಯ ಮಾತಿನಲ್ಲಿ ಪವರ್‌ಮ್ಯಾನ್‌ಗಳು. ಕಂಬ ಹತ್ತುವ ಮೊದಲು ಲೈನ್ ಕ್ಲಿಯರ್ ಪಡೆಯಬೇಕು. ಅಂದರೆ ಸಬ್‌ಸ್ಟೇಷನ್ನಿನವರು ಆ ಫೀಡರನ್ನು ಆಫ್ ಮಾಡಿ, ಮತ್ತಾರೂ ಚಾಲೂ ಮಾಡದಂತೆ ಬರಹದಲ್ಲಿ ಒಪ್ಪಿಸಬೇಕು. ಆಮೇಲೂ ತಂತಿಗೆ ಅರ್ಥಿಂಗ್ ರಾಡ್ ಹಾಕಿಯೇ ಮುಟ್ಟಬೇಕು. ಯಾರದೋ ಮನೆಯ ಜನರೇಟರಿನಿಂದ ವಿದ್ಯುತ್ ಹಿಮ್ಮುಖವಾಗಿ ಹರಿದು ಬಂದರೂ ಜೀವಕ್ಕೆ ಅಪಾಯ. 1912ಕ್ಕೆ ಕರೆಮಾಡಿ ‘ಇನ್ನೂ ಯಾಕೆ ಬಂದಿಲ್ಲ’ ಎಂದು ಕೇಳುವಾಗ, ಈ ನಿಯಮಗಳನ್ನು ಪಾಲಿಸಲು ಹಿಡಿಯುವ ಸಮಯ ಒಂದು ಜೀವವನ್ನು ಉಳಿಸುತ್ತಿದೆ ಎಂಬುದು ನಮಗೆ ತಿಳಿದಿರಬೇಕು.

ಋಣ ಮತ್ತು ಹೊಣೆ

ಶುದ್ಧ ವಿದ್ಯುತ್ತಿಗೂ ಬೆಲೆ ಇದೆ, ಅದನ್ನು ತೆತ್ತವರು ಬಹಳ ಸಲ ನಗರದವರಲ್ಲ. ಲಿಂಗನಮಕ್ಕಿಯ ಹಿನ್ನೀರಿಗೆ ಮನೆ, ತೋಟ ಬಿಟ್ಟುಕೊಟ್ಟ ಶರಾವತಿ ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕ ಕಳೆದರೂ ಬಗೆಹರಿದಿಲ್ಲ. ಪಾವಗಡದಲ್ಲಿ ಜಮೀನಿದ್ದವರಿಗೆ ಗುತ್ತಿಗೆ ಹಣ ಬರುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಅದು ಸಿಗುವುದಿಲ್ಲ. ಶರಾವತಿ ಕಣಿವೆಯಲ್ಲಿ ಪ್ರಸ್ತಾಪವಾಗಿರುವ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ದಾರಿಯಲ್ಲಿ ಸಿಂಗಳೀಕಗಳ ಕಾಡಿದೆ. ಸಂಗ್ರಹ ಬೇಕು ಎನ್ನುವ ನಾನೇ, ಅದಕ್ಕೆ ಎಲ್ಲಿ ಜಾಗ ಎಂಬುದನ್ನು ಕಾಡನ್ನೂ ಜನರನ್ನೂ ಮುಂದಿಟ್ಟುಕೊಂಡು ತೀರ್ಮಾನಿಸಬೇಕು ಎಂದೂ ಹೇಳಬೇಕಾಗುತ್ತದೆ. ಮೊದಲು ನಗರ ತನ್ನ ಕೈಲಾದದ್ದನ್ನು ತಾನು ಮಾಡಲಿ.

ನಗರದ ಕೈಲಿ ಆಗುವುದು ಕಡಿಮೆಯೇನಲ್ಲ. ಬೆಂಗಳೂರಿನ ತಾರಸಿಗಳ ಮೇಲೆ ಕೂತ ಸೋಲಾರ್ ವಾಟರ್ ಹೀಟರುಗಳು ಬೆಳಗಿನ ಗೀಸರ್ ಹೊರೆಯನ್ನು ಎಷ್ಟೋ ವರ್ಷಗಳಿಂದ ಸದ್ದಿಲ್ಲದೆ ಇಳಿಸಿವೆ. ಅದೇ ತಾರಸಿಗಳು ಈಗ ವಿದ್ಯುತ್ತನ್ನೂ ಮಾಡಬಲ್ಲವು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೊವ್ಯಾಟ್‌ನ ಮನೆಸೌರಕ್ಕೆ 78 ಸಾವಿರ ರೂಪಾಯಿ ಸಹಾಯಧನವಿದೆ. ಬಳಸುವಲ್ಲೇ ಹುಟ್ಟುವ ಈ ವಿದ್ಯುತ್ತಿಗೆ ಗೋಪುರ ಬೇಡ, ಹೊಸ ಜಮೀನು ಬೇಡ. ಹೊತ್ತಿನ ವಿಷಯವೂ ಇದೆ. ಸ್ಮಾರ್ಟ್ ಮೀಟರ್ ಇರುವಲ್ಲಿ ಬಿಸಿಲಿನ ಗಂಟೆಗಳ ದರ ಕನಿಷ್ಠ ಶೇ 20ರಷ್ಟು ಕಡಿಮೆಯಿರಬೇಕು ಎಂದು ಕೇಂದ್ರದ ನಿಯಮ 2023ರಲ್ಲೇ ಹೇಳಿದೆ. ಅದು ನಮ್ಮ ಮನೆಗಳಿಗೂ ಬರಲಿ ಎಂದು ನಾವು ಒತ್ತಾಯಿಸಬೇಕು. ಅಪಾರ್ಟ್‌ಮೆಂಟಿನ ನೀರಿನ ಪಂಪು, ಬಟ್ಟೆ ಒಗೆಯುವ ಯಂತ್ರ, ಸ್ಕೂಟರಿನ ಚಾರ್ಜು ಇವನ್ನೆಲ್ಲ ಸಂಜೆ ಏಳರಿಂದ ಹಗಲಿಗೆ ಸರಿಸಿದರೆ, ರಾಯಚೂರಿನಲ್ಲಿ ಅಷ್ಟು ಕಲ್ಲಿದ್ದಲು ಉರಿಯುವುದು ತಪ್ಪುತ್ತದೆ, ಲಿಂಗನಮಕ್ಕಿಯಲ್ಲಿ ಅಷ್ಟು ನೀರು ಬೇಸಿಗೆಗೆ ಉಳಿಯುತ್ತದೆ. ರೈತ ತನ್ನ ಪಂಪ್‌ಸೆಟ್ಟನ್ನು ಹಗಲಿಗೆ ತಂದು ಇದನ್ನು ಆಗಲೇ ಮಾಡಿ ತೋರಿಸಿದ್ದಾನೆ. ನಗರಕ್ಕೂ ಅದು ಸಾಧ್ಯ.