ಮರೆವೋ, ಕಿವಿಯ ಮಂದವೋ?

ಅಬ್ಬಾ ಇತ್ತೀಚೆಗೆ ಹೇಳಿದ್ದನ್ನೆಲ್ಲ ಮರೆಯುತ್ತಿದ್ದಾರೆಯೇ? ಅಝಾನ್ ಆದದ್ದೂ ಗೊತ್ತಾಗುತ್ತಿಲ್ಲವೇ? "ವಯಸ್ಸಾಯಿತು" ಎಂದು ಸುಮ್ಮನಾಗಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಭದ್ರಾವತಿಯ ಕಬ್ಬಿಣ ಮತ್ತು ಕಾಗದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಅನೇಕರಿದ್ದಾರೆ. ವರ್ಷಗಟ್ಟಲೆ ಯಂತ್ರಗಳ ಗದ್ದಲ ಕೇಳಿದ ಕಿವಿ ಮೆಲ್ಲನೆ ಮಂದವಾಗಬಹುದು. ಸರಿಯಾಗಿ ಕೇಳಿಸದ ಮಾತು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಮತ್ತೆ ಮತ್ತೆ ಕೇಳಲು ಸಂಕೋಚಪಟ್ಟು ಹಿರಿಯರು ಮೌನವಾಗುತ್ತಾರೆ. ಮನೆಯವರೂ ಮಾತು ಕಡಿಮೆ ಮಾಡುತ್ತಾರೆ. ಒಂಟಿತನ ಖಿನ್ನತೆಗೆ ದಾರಿಯಾಗುತ್ತದೆ. ಖಿನ್ನತೆಯಿಂದಲೂ ಮರೆವು ಹೆಚ್ಚುತ್ತದೆ.

ಡಿಮೆನ್ಶಿಯಾ ಎಂಬ ಮರೆಗುಳಿತನದ ಕಾಯಿಲೆಗೆ ಕಾರಣವಾಗುವ, ಆದರೆ ನಾವು ತಡೆಯಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ಪಟ್ಟಿ ಮಾಡಿದೆ. ಶ್ರವಣದೋಷ, ಖಿನ್ನತೆ, ಒಂಟಿತನ, ರಕ್ತದೊತ್ತಡ, ಮಧುಮೇಹ, ಧೂಮಪಾನ ಅವುಗಳಲ್ಲಿ ಸೇರಿವೆ. 2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹೆಚ್ಚು ಅಪಾಯವಿದ್ದ ಹಿರಿಯರು ಶ್ರವಣ ಸಾಧನ ಬಳಸಿದಾಗ ಮೂರು ವರ್ಷಗಳಲ್ಲಿ ಬುದ್ಧಿಶಕ್ತಿಯ ಕುಸಿತ ಶೇ. 48ರಷ್ಟು ನಿಧಾನವಾಯಿತು. ಎಲ್ಲರಲ್ಲೂ ಈ ಪ್ರಯೋಜನ ಕಾಣಲಿಲ್ಲ ಎಂಬುದೂ ನಿಜ.

ನೀವು ಮಾಡಬೇಕಾದದ್ದು ಇಷ್ಟು: ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗದ ವೈದ್ಯರಿಗೆ ತೋರಿಸಿ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೂ ಕೇಳಿಸದು. ಅದಕ್ಕೆ ಚಿಕಿತ್ಸೆ ಸುಲಭ. ಮನೆಯಲ್ಲೇ ಎಣ್ಣೆ ಹಾಕಬೇಡಿ, ಕಡ್ಡಿ ತೂರಿಸಬೇಡಿ. ದಾರಿ ತಪ್ಪುವುದು, ಹಣದ ಲೆಕ್ಕ ತಪ್ಪುವುದು, ನಮಾಝಿನ ರಕಅತ್‌ಗಳನ್ನು ಪದೇ ಪದೇ ಮರೆಯುವುದು ಕಂಡರೆ ಮನೋವೈದ್ಯರನ್ನು ಕಾಣಿ. ಟೆಲಿ ಮನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಇನ್ನು ಮನೆಯಲ್ಲಿ ಕಿರುಚಬೇಡಿ. ಟಿವಿ ಆರಿಸಿ, ಎದುರು ಕುಳಿತು, ಮುಖ ನೋಡಿ ನಿಧಾನವಾಗಿ ಮಾತನಾಡಿ. ಮಕ್ಕಳನ್ನೂ ಅವರ ಪಕ್ಕದಲ್ಲಿ ಕೂರಿಸಿ.